ಬಿಸಿ ಆರುವ ಮೊದಲು ಕಟ್ಟಿದ ಬುತ್ತಿ

ಈ ಮಾತನ್ನು ಹೇಳುವುದನ್ನು ಇಪ್ಪತ್ತೆರಡು ವರ್ಷ ಮುಂದೂಡಿದ್ದೇನೆ. ನೆಪಗಳಿಗೇನೂ ಕೊರತೆಯಿರಲಿಲ್ಲ. ಒಂದು ವರ್ಷ ಬಿತ್ತನೆ, ಇನ್ನೊಂದು ವರ್ಷ ಮಗಳ ಮದುವೆ, ಆಮೇಲೆ ಮೊಣಕಾಲು ನೋವು, ಕಣ್ಣಿನ ಪೊರೆಯ ಆಪರೇಷನ್. ಈಗ ನನಗೆ ಎಪ್ಪತ್ತಾರು. ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಬರೆಯುವುದಕ್ಕೆ ಮೊಣಕಾಲು ಬೇಕಾಗಿಲ್ಲ. ಹೇಳಿಬಿಡುತ್ತೇನೆ.

ಬಿಸಿ ಜೋಳದ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟು ಸ್ವಲ್ಪ ಹೊತ್ತಿನ ಮೇಲೆ ಬಾಯಿ ತೆರೆದು ನೋಡಿದ್ದೀರಾ? ಒಂದು ವಾಸನೆ ಬರುತ್ತದೆ. ಅದು ರೊಟ್ಟಿಯದೂ ಅಲ್ಲ, ಪ್ಲಾಸ್ಟಿಕ್ಕಿನದೂ ಅಲ್ಲ. ತೊಯ್ದ ಗೋಣಿಚೀಲದ ವಾಸನೆಗೆ ಹತ್ತಿರದ್ದು. ಹೋದ ತಿಂಗಳು ನಮ್ಮ ಅಡುಗೆಮನೆಯಲ್ಲಿ ಆ ವಾಸನೆ ಬಂತು. ಮನೆಗೆ ಹೊಸದಾಗಿ ಬಂದಿದ್ದ ಮಷೀನಿನಲ್ಲಿ ನನ್ನ ಹೆಂಡತಿ ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಹಾಗೇ ಪಾಕೀಟು ಮಾಡಿ, ಗಾಳಿ ಎಳೆಸಿ, ಬಾಯಿ ಅಂಟಿಸಿದ್ದಳು.

"ಸಂಜೀತನಕ ಬಿಸೀದ ಇರ್ತೈತೇನೋ ನೋಡೂಣಂತ ಹಾಕೀನ್ರಿ," ಎಂದಳು.

ನಾನು ಪಾಕೀಟು ಹರಿದೆ. ಒಳಗೆಲ್ಲ ನೀರಿನ ಹನಿ. ಅವಳ ಮೇಲೆ ರೇಗಿದೆ. ಆಮೇಲೆ ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ರೇಗಬೇಕಾದದ್ದು ಅವಳ ಮೇಲಲ್ಲವೆಂದು ನನಗೆ ಗೊತ್ತಿತ್ತು.

ಈ ಮಷೀನು ಬಂದ ಬಗೆಯನ್ನು ಮೊದಲು ಹೇಳಬೇಕು. ಯುಗಾದಿ ಹತ್ತಿರವಾದಂತೆ ನಮ್ಮ ಸೀಮೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವವರು ಬಹಳ. ನಮ್ಮದೂ ಒಂದು ನಲವತ್ತು ಜನರ ತಂಡವಿದೆ. ಹದಿನೈದು ದಿನಕ್ಕೂ ಮಿಕ್ಕಿದ ದಾರಿ. ಶಾಲೆಯ ಜಗಲಿ, ಗುಡಿಯ ಕಟ್ಟೆ, ಬೇವಿನ ಮರದ ಬುಡ, ಎಲ್ಲಿ ಕಾಲು ಸೋಲುತ್ತವೋ ಅಲ್ಲಿ ಮುಕ್ಕಾಂ. ಈಗಿನವರು ಇದನ್ನೇ ಕ್ಯಾಂಪಿಂಗ್ ಎನ್ನುತ್ತಾರೆ, ಬೆನ್ನಿಗೆ ಡೇರೆ ಕಟ್ಟಿಕೊಂಡು ಬರುತ್ತಾರೆ. ದಾರಿಯ ಬುತ್ತಿ ಮಾತ್ರ ಹಳೆಯದೇ: ಒಣಗಿಸಿದ ಖಡಕ್ ರೊಟ್ಟಿ, ಚಟ್ನಿಪುಡಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಸಿಹಿಗೆ ಗೋದಿ-ಬೆಲ್ಲದ ಮಾದ್ಲಿ. ಆ ಬುತ್ತಿಯ ಉಸ್ತುವಾರಿ ಬಹಳ ವರ್ಷದಿಂದ ನನ್ನದು. ನಡೆಯುವುದು ನಿಂತ ಮೇಲೂ ಹಿರಿಯನೆಂದು ನನಗೇ ಬಿಟ್ಟಿದ್ದರು.

ತಂಡವನ್ನು ಈಗ ನಡೆಸುವವನು ಮಲ್ಲಪ್ಪ. ಸಂಶಿಯಲ್ಲಿ ಬೀಜದ ಅಂಗಡಿ ಇಟ್ಟುಕೊಂಡಿದ್ದಾನೆ. ನನಗಿಂತ ಮೂವತ್ತು ವರ್ಷ ಸಣ್ಣವನು. ಈ ಸಲ ಅವನೇ ಬಂದು ಹೇಳಿದ:

"ಕಾಕಾ, ಗಾಳಿ ಎಳಿಯೋ ಮಷೀನ್ ಒಂದು ತರೂಣ್ರಿ. ಮುಕ್ಕಾಮಿನ ಬುತ್ತಿಗೂ ಆತು, ಉಳಿದ ದಿನ ನಿಮ್ಮನಿಯಾಗ ಇರ್ಲಿ, ಕಾಕೂಗೂ ಹಿಂಡಿ-ಪಂಡಿ ಕಟ್ಟಿ ಇಡಾಕ ಆಕ್ಕೈತಿ. ಆ ವರ್ಷದಂಗ ಮತ್ತ ಆಗಬಾರ್ದು ನೋಡ್ರಿ."

ಆ ವರ್ಷ ಎಂದರೆ ಯಾವುದೆಂದು ತಂಡದಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಕಣ್ಣಾರೆ ಕಂಡವರು ಈಗ ನಾಲ್ಕೈದು ಮಂದಿ ಉಳಿದಿರಬಹುದು. ಕತೆ ಮಾತ್ರ ಎಲ್ಲರ ಬಾಯಲ್ಲೂ ಇದೆ. ಹೊಸಬರಿಗೆ ಪ್ರತಿ ವರ್ಷ ಹೇಳುತ್ತಾರೆ: ಕುಬಿಹಾಳದ ಒಬ್ಬಾಕೆ ಹಳೇ ಹಿಟ್ಟಿನ ರೊಟ್ಟಿ ಬಡಿದು ಕೊಟ್ಟಳು, ಐದನೆಯ ದಿನಕ್ಕೆ ಬೂಷ್ಟು ಹಿಡಿಯಿತು, ದೇವರ ದಾರಿಯಲ್ಲಿ ನಲವತ್ತು ಮಂದಿ ಅರೆಹೊಟ್ಟೆಯಲ್ಲಿ ಮಲಗಿದರು. ಕತೆ ಹುಟ್ಟಿದ್ದು ನನ್ನ ಬಾಯಲ್ಲಿ. ಅದನ್ನು ತಡೆಯಲೆಂದು ತರುವ ಮಷೀನನ್ನು ಆರಿಸುವ ಕೆಲಸವೂ ನನಗೇ ಬಂತು, ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಬುತ್ತಿಯ ಅನುಭವಸ್ಥ ಎಂದು.

ಹುಬ್ಬಳ್ಳಿಗೆ ಇಬ್ಬರೂ ಬಸ್ಸಿನಲ್ಲಿ ಹೋದೆವು. ನನ್ನ ತೊಡೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ಹತ್ತು ಖಡಕ್ ರೊಟ್ಟಿ. ಅಂಗಡಿಯಲ್ಲಿದ್ದ ಹೆಣ್ಣುಮಗಳು ಗಂಟು ನೋಡಿ, "ಮಷೀನ್ ನೋಡಾಕ ಬಂದೀರೋ, ಇಲ್ಲೇ ಊಟಕ್ಕ ಕುಂಡರಾಕ ಬಂದೀರೋ, ಅಜ್ಜಾರ?" ಎಂದು ನಕ್ಕಳು. ನಾನು ಗಂಟು ಬಿಚ್ಚಿದೆ. ಮೊದಲ ಮಷೀನಿನ ಚೀಲದೊಳಗೆ ರೊಟ್ಟಿ ಹೋಗಲೇ ಇಲ್ಲ. ಚೀಲ ಸಣ್ಣದು, ನಮ್ಮ ರೊಟ್ಟಿ ದೊಡ್ಡದು. ಎರಡನೆಯದರಲ್ಲಿ ಐದು ಹೋದವು. ಗುಂಡಿ ಒತ್ತಿದ್ದೇ ಗುಂಯ್ ಎಂದು ಗಾಳಿ ಎಳೆಯತೊಡಗಿತು. ಪ್ಲಾಸ್ಟಿಕ್ಕು ನಾಲ್ಕೂ ಕಡೆಯಿಂದ ಬಿಗಿಯುತ್ತ ಬಂದು, ನಮ್ಮ ಕಣ್ಣೆದುರಿಗೇ ಐದೂ ರೊಟ್ಟಿ ಕರಕರ ಮುರಿದು ನುಚ್ಚಾದವು.

"ಬರೊಬ್ಬರಿ ಆತು. ಹಲ್ಲಿಲ್ಲದವರಿಗೆ ಅಗದಿ ಅನುಕೂಲ," ಎಂದ ಮಲ್ಲಪ್ಪ.

ಮೂರನೆಯದರಲ್ಲಿ ಒಂದು ಬೇರೆ ಗುಂಡಿಯಿತ್ತು. ಬೆರಳು ಒತ್ತಿದಷ್ಟು ಹೊತ್ತು ಮಾತ್ರ ಎಳೆಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಪ್ಲಾಸ್ಟಿಕ್ಕು ರೊಟ್ಟಿಯನ್ನು ಮುಟ್ಟುವಾಗ ಬೆರಳು ತೆಗೆದು ಬಾಯಿ ಅಂಟಿಸಿದರಾಯಿತು. ರೊಟ್ಟಿ ಉಳಿಯಿತು. ಹಿಂಡಿಯ ಪುಡಿ ಮಷೀನಿನೊಳಗೆ ಹೋಗದಂತೆ ಮೇಲೆ ಒಂದು ತುಂಡು ಕಾಗದ ಮಡಚಿಡಬೇಕೆಂದೂ, ಕರೆಂಟಿಲ್ಲದ ಕಡೆಗೆ ಚಾರ್ಜ್ ಮಾಡಿಟ್ಟುಕೊಳ್ಳುವ ಸಣ್ಣ ಪಂಪು ಬೇರೆ ಇದೆಯೆಂದೂ ಆಕೆ ತೋರಿಸಿದಳು. ನಾನು ದೂರದ್ದು, ಹತ್ತಿರದ್ದು ಎರಡೂ ಕನ್ನಡಕ ಬದಲಾಯಿಸಿ ಬದಲಾಯಿಸಿ ಎಲ್ಲವನ್ನೂ ನೋಡಿದೆ, ಹೆಣ್ಣು ನೋಡಲು ಹೋದ ಹಿರಿಯನ ಹಾಗೆ. ಕೊನೆಗೆ ಆಕೆ ಹೇಳಿದಳು:

"ಒಂದು ಮಾತ್ರ ನೆನಪಿಡ್ರಿ. ಬಿಸಿ ಇದ್ದದ್ದನ್ನ ಒಟ್ಟ ಹಾಕಬ್ಯಾಡ್ರಿ. ಗಾಳಿ ತಗದ್ರೂ ಉಗಿ ಒಳಗ ನೀರಾಗಿ ಉಳೀತೈತಿ. ಎಷ್ಟ ಚಲೋ ಅಡಿಗಿ ಇದ್ರೂ ಕೆಟ್ಟು ಹೋಕ್ಕೈತಿ."

"ನಮ್ಮ ಕಾಕಾಗ ಹೇಳ್ತೀರೇನ್ರಿ?" ಮಲ್ಲಪ್ಪ ನಕ್ಕ. "ಇವರು ಬುತ್ತಿ ಕಟ್ಟೂದರಾಗ ಎತ್ತಿದ ಕೈ. ಒಮ್ಮೆ ಒಬ್ಬಾಕಿ ಹಳೇ ಹಿಟ್ಟಿನ ರೊಟ್ಟಿ ಕೊಟ್ಟು ಇವರ ಮರ್ಯಾದಿ ಕಳದಿದ್ಲು."

ಆಗ ಹೇಳಬಹುದಿತ್ತು. ಕೇಳುವವರು ಇಬ್ಬರೇ ಇದ್ದರು, ಒಬ್ಬಾಕೆಗೆ ನನ್ನ ಊರೂ ಗೊತ್ತಿರಲಿಲ್ಲ. ನಾನು ಮಷೀನಿಗೆ ಗ್ಯಾರಂಟಿ ಎಷ್ಟು ವರ್ಷ ಎಂದು ಕೇಳಿದೆ.

ಕುಬಿಹಾಳದ ಆ ಹೆಣ್ಣುಮಗಳಿಗೆ ಆಗ ಐವತ್ತರ ಹತ್ತಿರ. ಗಂಡ ಬೇಗ ಹೋಗಿದ್ದ, ಮಕ್ಕಳಿರಲಿಲ್ಲ. ಎಡಗಾಲು ಚಿಕ್ಕಂದಿನಿಂದ ಸೊಟ್ಟ. ಸುತ್ತಲಿನ ಊರುಗಳ ಮದುವೆ, ಸೀಮಂತಗಳಿಗೆ ರೊಟ್ಟಿ ಬಡಿದುಕೊಟ್ಟು ಬದುಕುತ್ತಿದ್ದಳು. ಕೈಯಲ್ಲಿ ಬಡಿಯುವ ರೊಟ್ಟಿ ಅಂಚಿನಲ್ಲಿ ಸೀಳದೆ, ನಡುವೆ ದಪ್ಪವಾಗದೆ, ಒಂದರ ಮೇಲೊಂದು ಇಟ್ಟರೆ ಒಂದೇ ಅಳತೆ. ನಮ್ಮ ತಂಡದ ಬುತ್ತಿಗೆ ಮಾತ್ರ ಅವಳು ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಜೋಳ ನಾವು ಕೊಟ್ಟರೆ ಸಾಕು. "ನನ್ನ ಕಾಲು ಅಲ್ಲೀತನಕ ಹೋಗಂಗಿಲ್ಲ ಅಣ್ಣಾರ, ನನ್ನ ರೊಟ್ಟಿಯರ ಹೋಗ್ಲಿ" ಎನ್ನುತ್ತಿದ್ದಳು. ನಾವು ಹೊರಡುವ ದಿನ ಊರ ಅಗಸಿ ಬಾಗಿಲವರೆಗೆ ಕುಂಟುತ್ತ ಬಂದು, ಬುತ್ತಿ ಹೊತ್ತ ಗಾಡಿಗೆ ಕೈಮುಗಿದು ತಿರುಗುತ್ತಿದ್ದಳು.

ಆ ವರ್ಷ ನಾನು ಹುಬ್ಬಳ್ಳಿಯಿಂದ ದಪ್ಪನೆಯ ಪ್ಲಾಸ್ಟಿಕ್ ಚೀಲಗಳನ್ನು ತಂದಿದ್ದೆ. ಅಲ್ಲಿಯವರೆಗೆ ಬುಟ್ಟಿಯಲ್ಲಿ ಹಳೇ ಧೋತರ ಹಾಸಿ ರೊಟ್ಟಿ ಇಡುವುದು ರೂಢಿ. ಹೊಸ ರೀತಿ ತಂದವನೆಂಬ ಜಂಬ ನನಗೆ. ಮರುದಿನ ಮುಂಜಾನೆ ಬರುತ್ತೇನೆಂದು ಹೇಳಿದ್ದವನು, ಗಾಡಿ ಸಿಕ್ಕಿತೆಂದು ಮುಂಚಿನ ದಿನ ಮಧ್ಯಾಹ್ನವೇ ಹೋದೆ. ಎರಡು ಬುಟ್ಟಿ ರೊಟ್ಟಿ ಹಿಂದಿನ ದಿನದವು, ಒಣಗಿ ಸಿದ್ಧವಾಗಿದ್ದವು. ಉಳಿದವನ್ನು ಆಗಷ್ಟೇ ಬೇಯಿಸಿ ಪಡಸಾಲೆಯ ಗೋಡೆಯುದ್ದಕ್ಕೂ ಬಟ್ಟೆಯ ಮೇಲೆ ಆನಿಸಿ ನಿಲ್ಲಿಸಿದ್ದಳು. ಮುಟ್ಟಿದರೆ ಬೆಚ್ಚಗಿದ್ದವು.

"ಇನ್ನೂ ಆರಿಲ್ರಿ ಅಣ್ಣಾರ. ಇವತ್ತೊಂದು ರಾತ್ರಿ ಬಿಡ್ರಿ, ಖಡಕ್ ಆಗ್ಲಿ. ನಾಳೆ ಒಯ್ಯೀರಂತ."

"ಗಾಡಿ ನಿನ್ನ ಸಲುವಾಗಿ ನಾಳೀತನಕ ನಿಂದ್ರತೈತೇನಬೇ?"

"ಹಂಗಾರ ಬುಟ್ಟ್ಯಾಗರ ಇಡ್ರಿ. ಆ ಚೀಲದಾಗ ಬೆವರ್ತಾವು."

"ರೊಟ್ಟಿ ಬಡಿಯೂದು ನಿನ್ನ ಕೆಲಸ, ಕಟ್ಟೂದು ನಂದು. ಸುಮ್ಮನಿರು."

ಬೆಚ್ಚಗಿನ ರೊಟ್ಟಿಗಳನ್ನು ನಾನೇ ಚೀಲಕ್ಕೆ ತುಂಬಿ, ಗಾಳಿಯಾಡದಂತೆ ಸುತಳಿಯಿಂದ ಬಿಗಿದೆ. ಅವಳು ನೋಡುತ್ತ ನಿಂತಿದ್ದಳು. ಒಂದು ರೊಟ್ಟಿ ಕೆಳಗೆ ಬಿತ್ತು, ಅದನ್ನು ಎತ್ತಿ ಸೆರಗಿನಿಂದ ಒರೆಸಿ ಪಕ್ಕಕ್ಕಿಟ್ಟಳು.

ಮನೆಮನೆಯಿಂದ ಕಟ್ಟಿಕೊಂಡು ಬಂದದ್ದು ತೀರಿದ ಮೇಲೆ, ಐದನೆಯ ದಿನ ಸಂಜೆ, ಒಂದು ಶಾಲೆಯ ಜಗಲಿಯಲ್ಲಿ ಚೀಲ ಬಿಚ್ಚಿದೆವು. ಆ ವಾಸನೆ ಬಂತು. ರೊಟ್ಟಿಯ ಮೇಲೆ ಹಸಿರು, ಕಪ್ಪು ಬೂಷ್ಟು. ದಿನವಿಡೀ ನಡೆದು ಬಂದವರು ತಾಟು ಹಿಡಿದು ಕೂತಿದ್ದರು. ತಂಡದ ಅಂದಿನ ಹಿರಿಯರು, ಈಗ ಅವರಿಲ್ಲ, ನನ್ನ ಮುಖ ನೋಡಿದರು. "ಏನೋ ಇದು?" ಎಂದಷ್ಟೇ ಕೇಳಿದರು.

"ಆಕಿ ಹಳೇ ಹಿಟ್ಟಿನ್ಯಾಗ ಬಡದಾಳ್ರಿ," ಎಂದೆ.

ಮಾತು ಹೇಗೆ ಬಂತೋ ತಿಳಿಯದು ಎಂದು ನಾನು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಏಕೆಂದರೆ ಮರುಕ್ಷಣ ಒಬ್ಬರು ಬುಟ್ಟಿಗಳನ್ನು ತೆರೆದರು. ಅದರಲ್ಲಿದ್ದ ರೊಟ್ಟಿಗಳು ಹಪ್ಪಳದ ಹಾಗೆ ಚೆನ್ನಾಗಿದ್ದವು. "ಇವು ಹೆಂಗ ಉಳದಾವು? ಇವೂ ಆಕೀವ ಅಲ್ಲೇನು?" ಎಂದು ಕೇಳಿದರು. "ಅಲ್ರಿ, ಇವು ಬ್ಯಾರೆ ಮನೀವು" ಎಂದೆ. ಮೊದಲನೆಯದು ಹೆದರಿಕೆಯಿಂದ ಬಂದಿರಬಹುದು. ಎರಡನೆಯದನ್ನು ಯೋಚಿಸಿಯೇ ಹೇಳಿದೆ. ಉಳಿದ ದಾರಿಯುದ್ದಕ್ಕೂ ಆ ರೊಟ್ಟಿಗಳನ್ನೇ ಹಂಚಿಕೊಂಡು ತಿಂದೆವು, ಅವಳನ್ನು ಬೈಯುತ್ತ.

ಊರಿಗೆ ಮರಳಿದ ಮೇಲೆ ಹಿರಿಯರು ಅವಳನ್ನು ಕರೆಸಿ ಕೇಳಿದರಂತೆ. ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳಂತೆ. ಯಾರೂ ನಂಬಲಿಲ್ಲ. ನಾನು ಓದಿದವನು, ನಾಲ್ಕು ಜನರ ಅರ್ಜಿ ಬರೆದುಕೊಡುವವನು. ಅವಳು ರೊಟ್ಟಿ ಬಡಿಯುವವಳು. ದೇವರ ಬುತ್ತಿ ಕೆಡಿಸಿದವಳ ಕೈಯಿಂದ ಶುಭಕಾರ್ಯಕ್ಕೆ ರೊಟ್ಟಿ ಬೇಡವೆಂದು ಮೊದಲು ಒಂದು ಮನೆಯವರು ಬಿಟ್ಟರು, ಆಮೇಲೆ ಎಲ್ಲರೂ. ಮುಂದಿನ ಹತ್ತಿಯ ಕಾಲದಲ್ಲಿ ಅವಳನ್ನು ಒಂದು ಹೊಲದಲ್ಲಿ ನೋಡಿದೆ, ಸೊಟ್ಟ ಕಾಲೆಳೆಯುತ್ತ ಹತ್ತಿ ಬಿಡಿಸುತ್ತಿದ್ದಳು. ನಾನು ಬದುವಿನ ಆಚೆ ಬದಿಯಿಂದ ಹೋದೆ.

ಒಮ್ಮೆ ಮಾತ್ರ ಎದುರಾದಳು, ಸಂಶಿಯ ಬಸ್ ಸ್ಟ್ಯಾಂಡಿನಲ್ಲಿ. ಮರುವರ್ಷದ ತಂಡ ಹೊರಡುವುದಕ್ಕೆ ನಾಲ್ಕು ದಿನವಿತ್ತು. ಅವಳೇ ಹತ್ತಿರ ಬಂದಳು.

"ಈ ವರ್ಷ ಯಾರು ಬಡಿಯಾಕತ್ತಾರ್ರಿ, ಅಣ್ಣಾರ?"

"ನಾಕು ಮನಿಯವರು ಕೂಡಿ ಮಾಡ್ತಾರ."

"ಆರಿಸಿ ಕಟ್ಟಾಕ ಹೇಳ್ರಿ. ದೂರದ ದಾರಿ ಐತಿ."

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ನಡೆಯುವವರು ಉಪವಾಸ ಬೀಳಬಾರದೆಂಬ ಚಿಂತೆ ಅಷ್ಟೇ ಅವಳದು. ನಾನು ಎದುರಿಗೆ ನಿಂತ ಬಸ್ಸು ಹತ್ತಿದೆ. ಅದು ನನ್ನ ಊರಿನ ಬಸ್ಸಾಗಿರಲಿಲ್ಲ. ಮೂರು ವರ್ಷದ ಹಿಂದೆ ಅವಳು ತೀರಿಕೊಂಡ ಸುದ್ದಿ ಬಂದಾಗ, ಬಿಸಿಲು ಜಾಸ್ತಿಯಿದೆಯೆಂದು ಮಣ್ಣಿಗೂ ಹೋಗಲಿಲ್ಲ.

ಹೋದ ಸೋಮವಾರ ನಮ್ಮೂರ ಮಠದ ಅಂಗಳದಲ್ಲಿ ಜಮಖಾನ ಹಾಸಿ, ಮಷೀನು ನಡೆಸುವುದನ್ನು ತಂಡದ ಎಲ್ಲರಿಗೂ ತೋರಿಸಬೇಕಾಗಿತ್ತು. ಒಂದು ಬದಿಗೆ ಒಲೆ ಹೂಡಿ ನಾಲ್ಕು ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದರು. ಮಲ್ಲಪ್ಪ ಹಂಚಿನಿಂದ ಇಳಿದ ರೊಟ್ಟಿಗಳನ್ನು ಎತ್ತಿ ಚೀಲಕ್ಕೆ ಇಳಿಸತೊಡಗಿದ. ನಾನು ಅವನ ಮಣಿಕಟ್ಟು ಹಿಡಿದೆ.

"ಆರಲಿ ತಡಿ."

"ತೋರ್ಸಾಕಷ್ಟ ಅಲ್ರೀ ಕಾಕಾ? ಮಂದಿ ಕುಂತಾರ, ಹೊತ್ತಾಕ್ಕೈತಿ."

"ಆರೂತನಕ ಒಂದು ಮಾತು ಹೇಳೂದೈತಿ," ಎಂದೆ.

ರೊಟ್ಟಿ ಆರುವಷ್ಟು ಹೊತ್ತು ಸಾಕಾಯಿತು. ಪ್ಲಾಸ್ಟಿಕ್ ಚೀಲ, ಬೆಚ್ಚಗಿನ ರೊಟ್ಟಿ, ಅವಳು ಬೇಡವೆಂದದ್ದು, ಬುಟ್ಟಿಯ ವಿಷಯದ ಎರಡನೆಯ ಸುಳ್ಳು, ಎಲ್ಲವನ್ನೂ ಹೇಳಿದೆ. ಬುತ್ತಿಯ ಉಸ್ತುವಾರಿ ಇನ್ನು ನನಗೆ ಬೇಡವೆಂದೂ ಹೇಳಿದೆ. ಯಾರೂ ಸಮಾಧಾನ ಮಾಡಲಿಲ್ಲ, ಮಾಡಬಾರದಾಗಿತ್ತು ಕೂಡ. ಮಲ್ಲಪ್ಪ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟ.

"ಕಾಕಾ, ಈ ಕತಿ ನಾ ಎಷ್ಟು ಮಂದಿಗೆ ಹೇಳೀನಿ ಗೊತ್ತೈತೇನ್ರಿ?" ಎಂದ. "ನನ್ನ ಬಾಯಾಗೂ ನಿಮ್ಮ ಸುಳ್ಳು ಇಟ್ಟಿರಲ್ರಿ."

ಅವನು ಆ ಕತೆಯನ್ನು ಯಾರು ಯಾರಿಗೆ ಹೇಳಿದ್ದನೋ ಅವರೆಲ್ಲರ ಮನೆಗೆ ಈಗ ನಾನು ನಡೆದು ಹೋಗಲಾರೆ. ಅದಕ್ಕೇ ಇದನ್ನು ಬರೆದೆ.

ಒಲೆಯ ಮುಂದಿದ್ದವರಲ್ಲಿ ಒಬ್ಬಾಕೆ ಹಿಟ್ಟಿನ ಕೈ ಕೊಡವಿಕೊಂಡು ಎದ್ದು ಬಂದಳು. ಮೂವತ್ತರ ಹರೆಯ, ಈ ವರ್ಷ ಮೊದಲ ಸಲ ನಡೆಯುವವಳು. ನನ್ನನ್ನು ನೆಟ್ಟಗೆ ನೋಡಿದಳು.

"ಆವಾಗಿಂದ ಆಕಿ, ಆಕಿ ಅನ್ನಾಕತ್ತೀರಲ್ರಿ. ಆಕಿಗೊಂದು ಹೆಸರಿಲ್ಲೇನ್ರಿ?"

ಅಂಗಳದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಒಮ್ಮೆಯೂ ಅದನ್ನು ಹಿಡಿದು ಕರೆದವನಲ್ಲ. ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ:

ಫಕೀರವ್ವ.