ಎರಡು ಕಾರ್ಬುರೇಟರ್, ಒಂದು ಚಾಲು

ಊರಿಗಾಂನಲ್ಲಿ ನಾನು ಬಾಡಿಗೆಗಿರುವ ಮನೆಯ ಮಾಲೀಕರು ಬಂಗಾರಪೇಟೆ ಕಡೆಯ ಹಳ್ಳಿಯವರು, ಅಲ್ಲಿನ ಕೆರೆಯಲ್ಲಿ ಮೀನು ಹಿಡಿಯುವವರು. ಕಾರ್ಖಾನೆಯಲ್ಲಿ ಎಂಜಿನ್ ಪರೀಕ್ಷೆ ಮಾಡುವ ಹೆಂಗಸು ಎಂಬ ಒಂದೇ ಕಾರಣಕ್ಕೆ, ಅವರು ಎಲ್ಲಿಂದಲೋ ಹೊತ್ತು ತಂದ ಹಳೆಯ ದೋಣಿ ಮೋಟರು ನನ್ನ ಕೊರಳಿಗೆ ಬಿತ್ತು. ಡೀಸೆಲ್ ಎಂಜಿನ್ನೇ ಬೇರೆ, ಇದೇ ಬೇರೆ ಎಂದರೆ ಯಾರು ಕೇಳುತ್ತಾರೆ?

ಮಾಲೀಕರನ್ನು ನಾನು ಅಣ್ಣ ಎಂದೇ ಕರೆಯುವುದು. ಅಣ್ಣನ ಬಲ ಭುಜ ಕೆಟ್ಟು ಹೋಗಿತ್ತು. ಬಲೆಯನ್ನು ಎಡಗೈಯಲ್ಲಿ ಹೇಗೋ ಎಳೆದುಕೊಳ್ಳಬಹುದು, ಹುಟ್ಟು ಹಾಕಲು ಎರಡೂ ಕೈ ಬೇಕು. ಈ ಮೋಟರು ಓಡದಿದ್ದರೆ ದೋಣಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು ಮನೆಯಲ್ಲಿ ಕೂರಬೇಕು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಅವರ ಹೆಂಡತಿ ಹೇಳಿದರು.

ಮೋಟರಿಗೆ ಒಂದರ ಕೆಳಗೊಂದು ಎರಡು ಕಾರ್ಬುರೇಟರ್. ಪ್ರತಿಯೊಂದರ ಬಾಯಲ್ಲೂ ಗಾಳಿ ಬಿಡುವ ಪುಟ್ಟ ತಟ್ಟೆ, ಎರಡನ್ನೂ ಜೋಡಿಸುವ ಒಂದು ಸರಳು. ತಟ್ಟೆಗಳೆರಡೂ ಒಟ್ಟಿಗೇ ಮುಚ್ಚಬೇಕು, ಒಟ್ಟಿಗೇ ತೆರೆಯಬೇಕು. ನಾನು ಸರಳಿನ ಸ್ಕ್ರೂ ತಿರುಗಿಸುವುದು, ಅಣ್ಣ ಟಾರ್ಚು ಹಿಡಿದು ಕೆಳಗಿನ ತಟ್ಟೆಯನ್ನು ನೋಡಿ ಹೇಳುವುದು. ಅದು ಮುಚ್ಚಿದ ಕೂಡಲೇ ನಾನು ನಿಲ್ಲಿಸಬೇಕು. ಕೂದಲೆಳೆಯಷ್ಟು ಮೀರಿದರೂ ಮೇಲಿನ ತಟ್ಟೆ ಬಾಯಿ ಬಿಡುತ್ತದೆ.

ನಾನು ತಿರುಗಿಸುತ್ತಾ, ಮುಚ್ಚಿತೇ ಎಂದು ಕೇಳುತ್ತಿದ್ದೆ. ಅವರು, "ಚಾಲು ಅಕ್ಕ, ಚಾಲು" ಅನ್ನುತ್ತಿದ್ದರು. ನಾನು ಇನ್ನಷ್ಟು ತಿರುಗಿಸುತ್ತಿದ್ದೆ. ಆಮೇಲೆ ಮೋಟರನ್ನು ನೀರಿನ ಡ್ರಮ್ಮಿಗಿಳಿಸಿ ಹಗ್ಗ ಎಳೆದು ಸ್ಟಾರ್ಟ್ ಮಾಡಿದರೆ, ಸ್ಲೋ ಮಾಡಿದ ಕೂಡಲೇ ಕುಂಟಿಕೊಂಡು ನಾಲ್ಕು ಸಲ ಕೆಮ್ಮಿ ನಿಂತುಬಿಡುವುದು. ಮತ್ತೆ ಬಿಚ್ಚು, ಮತ್ತೆ ತಿರುಗಿಸು. ರಾಬರ್ಟ್‌ಸನ್‌ಪೇಟೆಯಲ್ಲಿ ಹೊಸ ಪ್ಲಗ್ಗು ಹುಡುಕಿ ತಂದೆ, ಪೆಟ್ರೋಲ್ ಪೈಪು ಬದಲಿಸಿದೆ. ಭಾನುವಾರಗಳೆಲ್ಲ ಮಣ್ಣುಪಾಲು. ಸ್ಪ್ಯಾನರು ಎಸೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡದ್ದೂ ಉಂಟು.

ಇನ್ನೂ ಸಿಟ್ಟು ಬರಿಸಿದ್ದು ಅಣ್ಣನ ಹಟ. ಜೋರಾಗಿ ಓಡಿಸಿದರೆ ಹೇಗೋ ಓಡುತ್ತದೆ, ಹಾಗೇ ಒಯ್ಯಿರಿ ಎಂದರೆ ಒಪ್ಪುತ್ತಿರಲಿಲ್ಲ. ಸ್ಲೋದಲ್ಲಿ ಬಿಟ್ಟರೂ ನಿಲ್ಲಬಾರದು ಅಂತ ಒಂದೇ ರಾಗ. ನಿಂತರೆ ಮತ್ತೆ ಸ್ಟಾರ್ಟ್ ಮಾಡಿದರಾಯ್ತಲ್ಲ ಎಂದು ನಾನು ರೇಗಿದರೆ ತಲೆ ತಗ್ಗಿಸಿ ಟಾರ್ಚು ಒರೆಸುತ್ತಿದ್ದರು.

ಒಂದು ಭಾನುವಾರ ಅವರ ಹೆಂಡತಿ ನಮ್ಮಿಬ್ಬರನ್ನೂ ಊಟಕ್ಕೆ ಕೂರಿಸಿದರು. ಅಣ್ಣನ ಮುದ್ದೆಗೆ ಸಾರು ಬಿಡುತ್ತಲೇ ಇದ್ದರು. ಅಣ್ಣ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಚಾಲು, ಚಾಲು" ಅಂದರು. ಆಕೆ ಸೌಟು ಎತ್ತಿಕೊಂಡರು.

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಚಾಲು ಅಂದ್ರ ಏನ್ರೀ ಅಣ್ಣಾ?"

"ಸಾಕು ಅಂತ ಅಕ್ಕ. ತೆಲುಗು ಮಾತು. ನಮ್ಮ ಕಡೆ ಎಲ್ರೂ ಅಂಗೇ ಅನ್ನೋದು."

ನಾನು ಗದಗ ಕಡೆಯವಳು. ಫ್ಯಾನು ತಿರುಗುತ್ತಿದ್ದರೆ ನಮಗೆ ಚಾಲೂ, ಜಗಳ ಮುಗಿಯದಿದ್ದರೂ ಚಾಲೂ. ಇಲ್ಲಿಗೆ ಬಂದ ಮೇಲೆ ಕ್ಯಾಂಟೀನಿನಲ್ಲಿ ಅಷ್ಟಿಷ್ಟು ತಮಿಳು ಕಲಿತಿದ್ದೆನೇ ಹೊರತು ತೆಲುಗು ಕಿವಿಗೆ ಹಾಕಿಕೊಂಡಿರಲಿಲ್ಲ. ಅವರು ನಿಲ್ಲಿಸು ಅಂದಾಗಲೆಲ್ಲ ನಾನು ತಟ್ಟೆ ಇನ್ನೂ ಮುಚ್ಚುತ್ತಿದೆ ಅಂದುಕೊಂಡು ತಿರುಗಿಸಿದ್ದೆ. ಆಕೆ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು.

ಅವತ್ತೇ ಸಂಜೆಯೊಳಗೆ ತಟ್ಟೆಗಳೆರಡೂ ಒಟ್ಟಿಗೆ ಕೂತವು. ಮುಂದಿನ ವಾರ ಕೆರೆಗೆ ಹೋದೆವು. ಅಣ್ಣ ದೋಣಿಯಲ್ಲಿ ಕೂತರು. ಹಗ್ಗ ಎಳೆಯಿರಿ, ನಿಮ್ಮ ಕೈಯಿಂದಲೇ ಆಗಲಿ ಎಂದೆ. ಅವರು ಹಗ್ಗ ನೋಡಿದರು, ನನ್ನನ್ನು ನೋಡಿದರು. ಎಡಗೈಯಲ್ಲಿ ಎಳೆಯಬೇಕೆಂದರೆ ಬಲಗೈಯನ್ನು ಮೋಟರಿನ ಮೇಲೆ ಬಲವಾಗಿ ಊರಬೇಕು. ಆ ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಇಷ್ಟು ದಿನ ಹಗ್ಗ ಎಳೆದವಳು ನಾನೇ. ಎಂಜಿನ್ ಪರೀಕ್ಷೆ ಮಾಡುವವಳ ತಲೆಗೆ ಅದು ಹೊಳೆದೇ ಇರಲಿಲ್ಲ.

"ಮೊದ್ಲೇ ಹೇಳಬಾರದಿತ್ತೇನ್ರೀ?" ಎಂದು ದಂಡೆಯಲ್ಲೇ ಕೂಗಾಡಿದೆ.

"ನನ್ ಕೈಲಿ ಎಳೆಯಾಕಾಗಲ್ಲ ಅಂತ ಮೊದಲ್ನೇ ದಿನಾನೇ ಗೊತ್ತಾಯ್ತಕ್ಕ. ಏಳಿದ್ರೆ ನೀವು ಕೈ ಬಿಟ್ಬುಡ್ತೀರ ಅನ್ನಿಸ್ತು. ಒಂದ್ಸಲ ಯಾರಾನ ಎಳ್ಕೊಟ್ರೆ ಸಾಕು, ನಡೂನೀರಲ್ಲಿ ನಿಂತೋಗದಿದ್ರಾಯ್ತು."

ನಾನು ಮೊಣಕಾಲುದ್ದ ನೀರಿಗಿಳಿದು ಹಗ್ಗ ಎಳೆದೆ. ದೋಣಿ ಹೋಯಿತು. ಕೆರೆಯ ನಡುವೆ ಅವರು ಮೋಟರನ್ನು ಸ್ಲೋ ಮಾಡಿ, ಎಡಗೈಯಲ್ಲಿ ಬಲೆ ಬಿಡಲು ಬಾಗಿದರು. ಅಷ್ಟು ದೂರಕ್ಕೆ ಸದ್ದು ಗಾಳಿ ಬೀಸಿದಾಗ ಕೇಳುತ್ತಿತ್ತು, ಇಲ್ಲದಾಗ ನಿಂತದ್ದು ಗಾಳಿಯೋ ಮೋಟರೋ ತಿಳಿಯುತ್ತಿರಲಿಲ್ಲ. ಒದ್ದೆ ಸೀರೆಯಲ್ಲೇ ನಿಂತಿದ್ದೆ. ಕೂರಲು ಆಗಲಿಲ್ಲ.