ಟೆರೇಸಿನಲ್ಲಿ ನಂದನ್‌ಗೆ ಕೊಟ್ಟ ಲೋಟ

ಗೆಳೆಯರೇ, ಇವತ್ತು ಹೊಸತೊಡಕು, ಯುಗಾದಿ ಮಾರನೇ ದಿನದ ಬಾಡೂಟ. ಸುಂಕದಕಟ್ಟೆಯ ನಮ್ಮ ಮನೆಯಲ್ಲಿ ಹೆಂಗಸರು ಅಡುಗೆಮನೆಯಲ್ಲಿ, ಗಂಡಸರು ಬಾಟಲಿ ಸಮೇತ ಟೆರೇಸಿನಲ್ಲಿ. ನಾನು ಮಟನ್ ಚಾಪ್ಸ್ ತಟ್ಟೆ ಹಿಡಿದು ಮೇಲೆ ಹೋದರೆ, ದೊಡ್ಡಪ್ಪ ಸ್ಟೀಲ್ ಲೋಟಕ್ಕೆ ಬಿಯರ್ ಸುರಿದು ಚಿಕ್ಕಪ್ಪನ ಮಗ ನಂದನ್ ಕೈಗೆ ಕೊಡುತ್ತಿದ್ದರು. ಅವನಿನ್ನೂ ಫಸ್ಟ್ ಪಿಯುಸಿ.

"ತಗೋ ಮಗಾ, ಇನ್ಮೇಲೆ ನೀನೂ ಗಂಡಸು. ನಮ್ಮಪ್ಪ ನಂಗೂ ಹಿಂಗೇ ಕೊಟ್ಟಿದ್ದು."

ತಟ್ಟೆ ಹಿಡಿದುಕೊಂಡೇ ಶುರು ಮಾಡಿದೆ. "ದೊಡ್ಡಪ್ಪ, ಮಕ್ಕಳು ಹುಟ್ಟುತ್ತಲೇ ಕುಡುಕರಾಗಲ್ಲ. ಮನೆ, ಬೀದಿ, ಸಮಾಜ ಸೇರಿ ಕುಡಿಸುತ್ತೆ!"

"ಬಂದ್ಲಪ್ಪ ನಮ್ಮ ಕರಪತ್ರ," ಅಂದರು ಚಿಕ್ಕಪ್ಪ. "ಮೊದ್ಲು ಆ ಚಾಪ್ಸ್ ಇಲ್ಲಿಡಮ್ಮ." ಎಲ್ಲರೂ ನಕ್ಕರು.

ನಾನು ನಂದನ್‌ನನ್ನೇ ಕೇಳಿದೆ. "ನಿಂಗೆ ಇದು ಬೇಕೇನೋ?"

ಅವನು ಲೋಟದೊಳಗೇ ನೋಡುತ್ತಾ ಹೇಳಿದ. "ವಾಸನೆನೇ ಆಗಲ್ಲ ಅಕ್ಕ. ಆದ್ರೆ ಬೇಡ ಅಂದ್ರೆ ಕೆಳಗೆ ಕಳಿಸ್ತಾರೆ. ಅಪ್ಪ ನಗ್ತಾ ಮಾತಾಡೋದು ಇಲ್ಲಿ ಮಾತ್ರ."

ನಗು ನಿಂತಿತು. ಚಿಕ್ಕಪ್ಪ ಮಗನ ಕೈಯಿಂದ ಲೋಟ ತೆಗೆದುಕೊಂಡು ಕರಿಬೇವಿನ ಕುಂಡಕ್ಕೆ ಸುರಿದರು. ಚಾಪೆಯ ಮೇಲೆ ಸರಿದು ಜಾಗ ಮಾಡಿ, "ಬಾ, ಇಲ್ಲೇ ಕೂತ್ಕೋ," ಎಂದು ತಟ್ಟೆಯಲ್ಲಿದ್ದ ನಲ್ಲಿಮೂಳೆಯನ್ನು ಅವನಿಗೆ ಕೊಟ್ಟರು. "ಕಾಲೇಜಲ್ಲಿ ಏನು ನಡೀತಿದೆಯೋ, ಹೇಳು."

ನಂದನ್ ಹೇಳಿದ, ಹೇಳಿದ, ಚಾಪ್ಸ್ ಆರಿಹೋಗುವವರೆಗೂ ಹೇಳಿದ. ಚಿಕ್ಕಪ್ಪ ಎಲ್ಲವನ್ನೂ ಕೇಳಿ ನಕ್ಕರು.

ತಮ್ಮ ಗ್ಲಾಸನ್ನು ಮಾತ್ರ ಚೆಲ್ಲಲಿಲ್ಲ. ಇರಲಿ ಗೆಳೆಯರೇ, ಅರ್ಧ ಕ್ರಾಂತಿ ಆಗಿದೆ. ಕರಿಬೇವಿನ ಗಿಡ ನಾಳೆ ಹೇಗೆ ಏಳುತ್ತದೋ ನೋಡಬೇಕು.