ಮಾತಾಡಿಸದೆ ಹೋದ ಮಧ್ಯಾಹ್ನ

ಕಾದ ಫರಸಿ ಕಲ್ಲಿನ ಮೇಲೆ ತಣ್ಣೀರು ಚೆಲ್ಲಿದರೆ ಒಂದು ವಾಸನೆ ಏಳುತ್ತದೆ. ಸುಣ್ಣ, ಬಿಸಿಲು, ಬಹಳ ಹಳೆಯ ನೀರು ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಚಿತ್ತಾಪುರದ ನಮ್ಮ ಮನೆಯ ನೆಲ, ಕಟ್ಟೆ, ಬಚ್ಚಲು, ತಲೆಯ ಮೇಲಿನ ಛಾವಣಿ ಕೂಡ ಶಹಾಬಾದಿನ ಕಲ್ಲೇ. ಬೇಸಿಗೆಯ ಮಧ್ಯಾಹ್ನ ಅವ್ವ ಅಂಗಳಕ್ಕೆ ಕೊಡ ನೀರು ಸುರಿದರೆ ಕಲ್ಲು ಚುಂಯ್ ಎನ್ನುತ್ತಿತ್ತು. ನನ್ನ ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದ ಮುದುಕಿ, ಆ ಒದ್ದೆಯ ಮೇಲೆ ಕಾಲು ಚಾಚಿ ಕೂಡುತ್ತಿದ್ದಳು. ಆ ವಾಸನೆ ಈಗ ಎಲ್ಲಿ ಮೂಗಿಗೆ ತಾಗಿದರೂ ನನಗೆ ವಾಡಿಗೆ ಹೋಗುವ ರಸ್ತೆ ನೆನಪಾಗುತ್ತದೆ. ನಿಮಗೂ ಇಂಥ ಒಂದು ವಾಸನೆ ಇರಬಹುದು, ಅದರ ಹಿಂದೆ ಇಂಥ ಒಂದು ರಸ್ತೆಯೂ.

ಅಪ್ಪ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಹಳ್ಳಿಹಳ್ಳಿಗೆ ಸೈಕಲ್ ಮೇಲೆ ತಿರುಗುವ ಕೆಲಸ. ದಾರಿಯಲ್ಲಿ ಎದುರು ಬಂದವರು ಯಾರೇ ಇರಲಿ, ಗುರುತಿರಲಿ ಬಿಡಲಿ, ಅವನು ಮಾತಾಡಿಸದೆ ಮುಂದೆ ಹೋದವನಲ್ಲ. ಶರಣ್ರಿ ಎನ್ನುವನು, ಟೋಪಿ ಕಂಡರೆ ಸಲಾಂ ಎನ್ನುವನು. ಯಾರೆಂದು ತಿಳಿಯದಿದ್ದರೆ ಒಮ್ಮೆ ಗಂಟೆ ಬಾರಿಸಿ ಎದೆಗೆ ಕೈ ಒತ್ತುವನು. ಸೈಕಲ್ ಮೇಲಿನವರನ್ನಂತೂ ಬಿಡುತ್ತಲೇ ಇರಲಿಲ್ಲ. ಬಿಸಿಲಿನಲ್ಲಿ ಒಬ್ಬನೇ ತುಳಿಯುವವನಿಗೆ ಇನ್ನೊಬ್ಬ ತುಳಿಯುವವನ ದನಿ ಕೇಳಿದರೆ ದಾರಿ ಸವೆಯುತ್ತದೆ ಎಂದು ಅವನ ನಂಬಿಕೆ. ಆಯಿಯ ನಂಬಿಕೆ ಬೇರೆ. ಹೊತ್ತು ನೆತ್ತಿಯ ಮೇಲಿದ್ದಾಗ ಎದುರು ಬರುವವರೆಲ್ಲ ಮನುಷ್ಯರಲ್ಲ, ಅವರಾಗಿ ಮಾತಾಡಿಸುವ ತನಕ ನಾವು ಬಾಯಿ ಬಿಡಬಾರದು ಎನ್ನುತ್ತಿದ್ದಳು. ಅಪ್ಪ ನಕ್ಕುಬಿಡುತ್ತಿದ್ದ.

ಆ ವರ್ಷ ನನಗೆ ವಿಷಮಜ್ವರ ಬಂದು, ಉಳಿಯುವುದಿಲ್ಲ ಎನ್ನುವ ಹಾಗಾಗಿ ಎದ್ದಿದ್ದೆ. ಗಾಳಿ ಬದಲಾದರೆ ಒಳ್ಳೆಯದೆಂದು ಅಪ್ಪ ನನ್ನನ್ನು ವಾಡಿಯಲ್ಲಿದ್ದ ಸೋದರಮಾವನ ಮನೆಗೆ ಕರೆದುಕೊಂಡು ಹೊರಟ. ಹೊರಡುವ ಹೊತ್ತಿಗೆ ಆಯಿ ಅವನ ಕೈ ಎಳೆದು ನನ್ನ ತಲೆಯ ಮೇಲಿಟ್ಟು, ಈ ಕೂಸು ಹಿಂದೆ ಕೂತಿರುವ ತನಕ ದಾರಿಯಲ್ಲಿ ಯಾರನ್ನೂ ಮೊದಲಾಗಿ ಮಾತಾಡಿಸುವುದಿಲ್ಲ ಎಂದು ಆಣೆ ಮಾಡಿಸಿದಳು. ಸಾವಿನ ಬಾಗಿಲಿಂದ ಬಂದ ಮಗಳ ತಲೆ ಮುಟ್ಟಿ ಅಪ್ಪನಿಗೆ ನಗಲಾಗಲಿಲ್ಲ.

ಹಳೇ ಖಣಿಯ ತಿರುವಿಗೆ ಬಂದಾಗ ನಡುಮಧ್ಯಾಹ್ನ. ಕಲ್ಲು ತೆಗೆದು ಬಿಟ್ಟ ಆಳದ ಗುಂಡಿಯಲ್ಲಿ ಹಸಿರು ನೀರು ನಿಂತಿತ್ತು. ರಸ್ತೆ, ಗಿಡ, ಬೇಲಿ ಎಲ್ಲದರ ಮೇಲೆ ಬಿಳಿ ಧೂಳು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಎದುರಿಂದ ಒಬ್ಬ ಮನುಷ್ಯ ಸೈಕಲ್ ಮೇಲೆ ಬಂದ. ತೊಳೆದ ಬಿಳಿ ಧೋತರ, ಬಿಳಿ ಅಂಗಿ. ಸೀಟಿಗೆ ಕೆಂಪು ಮಖಮಲ್ಲಿನ ಹೊದಿಕೆ. ಕೈಯಲ್ಲಿ ಬುತ್ತಿಯಿಲ್ಲ, ಚೀಲವಿಲ್ಲ. ನಮ್ಮನ್ನು ಕಂಡು ನಿಧಾನ ಮಾಡಿದ. ಏನೋ ಹೇಳಬೇಕೆಂದು ಬಾಯಿ ತುಸು ತೆರೆದಂತಿತ್ತು. ಅಪ್ಪನ ಕೈ ಹ್ಯಾಂಡಲ್ ಬಿಟ್ಟು ಎದ್ದಿತು, ಮತ್ತೆ ಇಳಿಯಿತು. ತಲೆ ತಗ್ಗಿಸಿ ಜೋರಾಗಿ ತುಳಿದ. ಕ್ಯಾರಿಯರ್ ಮೇಲೆ ಕೂತಿದ್ದ ನಾನು ಹೊರಳಿ ನೋಡಿದೆ. ಅವನು ಒಂದು ಕಾಲು ನೆಲಕ್ಕೂರಿ ನಿಂತು ನಮ್ಮನ್ನೇ ನೋಡುತ್ತಿದ್ದ.

ಸಂಜೆಯೇ ಮಾವನ ಮನೆಗೆ ಸುದ್ದಿ ಬಂತು. ಖಣಿಯ ದಂಡೆಯಲ್ಲಿ ಒಂದು ಜೊತೆ ಚಪ್ಪಲಿ, ಕೆಂಪು ಸೀಟಿನ ಸೈಕಲ್. ಮರುದಿನ ಹೆಣ ತೇಲಿತು. ಕಾಲು ಜಾರಿತೋ, ತಾನೇ ಹಾರಿದನೋ, ಯಾರೂ ಕಂಡಿರಲಿಲ್ಲ. ನೆರೆದವರ ಮುಂದೆ ಅಪ್ಪ ತಾನು ಅವನನ್ನು ದಾರಿಯಲ್ಲಿ ಕಂಡಿದ್ದೆ ಎಂದಷ್ಟೇ ಹೇಳಿ, ನನ್ನನ್ನೂ ಕರೆದುಕೊಂಡು ಚಿತ್ತಾಪುರದ ಮನೆಗೆ ಮರಳಿದ. ಊಟ ಬಿಟ್ಟ. ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದ. ಕೊನೆಗೆ ಎದ್ದು ಆಯಿಯ ಮುಂದೆ ಕೂತು ಮೆಲ್ಲಗೆ ಅಂದ:

“ಒಂದ ಮಾತ್ ಶರಣು ಅಂದಿದ್ರ ನಿಂತ್ಕೊಂತಿದ್ದನೇನೋ. ನಿನ್ನ ಮಾತ್ ಕೇಳಿ ಬಾಯಿ ಮುಚ್ಕೊಂಡೆ.”

ಆಯಿ ಅಡಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. “ನಿನ್ನ ಕೂಸು ಉಳೀತಲ್ಲ,” ಎಂದಳು.

ಆ ಮಾತಿನ ತಂಪು ಇವತ್ತಿಗೂ ನನ್ನ ಬೆನ್ನಲ್ಲಿದೆ. ನನ್ನ ಬದಲಿಗೆ ಬೇರೆ ಯಾರನ್ನೋ ಕೊಟ್ಟು ಕಳಿಸಿದ ಹಾಗಿತ್ತು ಅವಳ ದನಿ.

ಕೆಲವು ದಿನ ಕಳೆದ ಮೇಲೆ ಅವನ ಹೆಂಡತಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಸೇಡಂ ಕಡೆಯ ಹೆಣ್ಣುಮಗಳು, ಸಣ್ಣ ವಯಸ್ಸು. ಅವ್ವ ಒಳಗೆ ಬರ್ರಿ ಅಂದರೂ ಬರದೆ ಕಟ್ಟೆಯ ತುದಿಗೆ ಕೂತಳು. ನೀರು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡು ಅಪ್ಪನನ್ನು ಕೇಳಿದಳು:

“ನಮ್ಮ ಮನಿಯವ್ರು ನಿಮಗ ದಾರ್ಯಾಗ ಭೆಟ್ಟಿ ಆಗಿದ್ರಂತಲ್ರಿ. ಏನರ ಅಂದ್ರೇನ್ರಿ?”

ಅಪ್ಪ ಅವಳ ಕೈಯಿಂದ ಖಾಲಿ ಚೆಂಬು ತೆಗೆದುಕೊಂಡು ಕೆಳಗಿಟ್ಟ. ಆಮೇಲೆ, “ನಾ ಶರಣ್ರಿ ಅಂದೆ ತಾಯಿ. ಅವ್ರೂ ಶರಣ್ರಿ ಅಂದ್ರು. ಚಂದ ನಕ್ಕೋತ ಹೋದ್ರು,” ಎಂದ.

ಅವ್ವ ನೆಲ ನೋಡಿದಳು. ಆ ಹೆಣ್ಣುಮಗಳು ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

“ಮಣ್ಣು ಮಾಡಿದ ಮೂರನೇ ದಿನ ಅವ್ರು ಬಂದು ಬಾಗ್ಲಾಗ ನಿಂತಿದ್ರು,” ಎಂದಳು, ನೆರೆಮನೆಯವರು ಬಂದು ಹೋದ ಸಂಗತಿ ಹೇಳುವವಳ ಹಾಗೆ. “ನೀವು ಶರಣು ಅಂದಿದ್ದು ಹೇಳಲಿಲ್ರಿ. ಹಿಂದ ಒಂದು ಸಣ್ಣ ಹುಡುಗಿ ಕುಂತಿತ್ತು, ಹೊಳ್ಳಿ ನೋಡ್ತು ಅಂದ್ರು. ಆವತ್ತ ಅವರ ಕಡೀಗ ಯಾರೂ ಹೊಳ್ಳಿ ನೋಡಿರಲಿಲ್ಲಂತ.”

ನಾನು ಹೊರಳಿ ನೋಡಿದ್ದು ಅಪ್ಪನಿಗೂ ಗೊತ್ತಿರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತಿದ್ದ ನನ್ನನ್ನು ಅವಳು ಹತ್ತಿರ ಕರೆದು ಕೆನ್ನೆ ಸವರಿದಳು. ಆಮೇಲೆ ಎದ್ದು, ಬರ್ತೀನ್ರಿ ಎಂದು ಹೋದಳು. ಒಳಗೆ ಆಯಿ ಮೊದಲ ಸಲ ಅತ್ತಳು, ದನಿಯಿಲ್ಲದೆ.

ಅಂದಿನಿಂದ ಆಯಿ ನಡುಹೊತ್ತಿನ ಮಾತೆತ್ತಲಿಲ್ಲ. ಅಪ್ಪ ಆ ತಿರುವಿನಲ್ಲಿ ಪ್ರತಿ ಸಲ ಸೈಕಲ್ಲಿನಿಂದ ಇಳಿದು, ನೀರಿನ ಕಡೆ ಮುಖ ಮಾಡಿ ಶರಣ್ರಿ ಎಂದು, ನಡೆದೇ ಆಚೆ ದಾಟುತ್ತಿದ್ದ. ಅವನ ಜೊತೆಗಿದ್ದಾಗ ಎರಡು ಮೂರು ಸಲ, ಅವನು ಶರಣ್ರಿ ಅಂದ ಮೇಲೆ, ಯಾರೋ ಉಸಿರು ಬಿಟ್ಟಂಥ ಸಪ್ಪಳ ನನಗೆ ಕೇಳಿದೆ. ಗಾಳಿ ಇದ್ದಿರಬಹುದು. ಅಪ್ಪ ಆಗ ಹುಬ್ಬು ಸಡಿಲಿಸಿ, ನಡಿ ಮಗಳೆ, ಎನ್ನುತ್ತಿದ್ದ.

ನಾನು ಮದುವೆಯಾಗಿ ಚಿಂಚೋಳಿಗೆ ಬಂದ ಮೇಲೆ ಖಣಿಯಲ್ಲಿ ಮತ್ತೆ ಕಲ್ಲು ತೆಗೆಯತೊಡಗಿ, ಅದು ಬೆಳೆದು ಆ ತಿರುವನ್ನೇ ನುಂಗಿತು. ರಸ್ತೆಯನ್ನು ದೂರಕ್ಕೆ ಸರಿಸಿದರು. ಆಯಿ ಹೋದಳು, ಅವ್ವ ಹೋದಳು, ಅಪ್ಪನೂ ಹೋದ. ಮನೆ ಬಿಚ್ಚಿ ಕಲ್ಲು ಮಾರಿದರು. ಆ ಮನುಷ್ಯನ ಹೆಸರು ನಮಗೆ ಯಾರಿಗೂ ತಿಳಿಯಲಿಲ್ಲ. ಹೆಂಡತಿ ಗಂಡನ ಹೆಸರು ಹೇಳುವ ಕಾಲವಲ್ಲ ಅದು, ಕೇಳುವ ಧೈರ್ಯ ನಮಗೂ ಬರಲಿಲ್ಲ. ಆ ಬಿಸಿಲಿನಲ್ಲಿ ಅವನನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಅವನ ಮುಖ ವರ್ಷ ವರ್ಷವೂ ಮಸುಕಾಗುತ್ತಿದೆ. ಆದಷ್ಟು ಕಾಲ ಹಿಡಿದಿಟ್ಟುಕೊಂಡಿರುತ್ತೇನೆ.